ಫ್ಯಾನಿನ ಬಾಯಿ ಮುಚ್ಚಿಸಿದ ಮೇಲೆ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ ತಮ್ಮನಿಗೆ ಫೋನ್ ಮಾಡಿ, ಅವನು ನನಗೆ ಆಡಲು ಕೊಟ್ಟಿದ್ದ ಗೇಮ್ ಕನ್ಸೋಲ್ ಕೆಟ್ಟಿದೆ ಎಂದು ಹೇಳಬೇಕಾಯಿತು. ಬ್ಯಾಟರಿ ಉಬ್ಬಿ, ಪರದೆಯ ಒಂದು ಅಂಚು ಮೇಲೆದ್ದಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊದಲ ಕೆಲವು ಸಂಬಳಗಳಲ್ಲಿ ಉಳಿಸಿ, ಯಾರಿಂದಲೋ ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಹಳೆಯ ನಿಂಟೆಂಡೊ ಸ್ವಿಚ್ ಅದು. ಊರಿಗೆ ಬಂದಾಗ ನನ್ನ ಕೈಗೆ ಕೊಟ್ಟು, "ಥೀಸಿಸ್ ಬರದು ಬ್ಯಾಸರಾದಾಗ ಆಡು" ಅಂದಿದ್ದ. ಫೋನಿನಲ್ಲಿ ಅವನು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಒಂದು ಪ್ರಶ್ನೆ ಕೇಳಿದ: "ಅಕ್ಕಾ, ಅದು ಸಪ್ಪಳ ಮಾಡ್ಲಿಲ್ಲೇನು?"

ಸಪ್ಪಳ ಮಾಡುತ್ತಿತ್ತು. ಮಾಡದ ಹಾಗೆ ಮಾಡಿದವಳು ನಾನು. ಅವತ್ತು ಅದನ್ನು ಹೇಳಲಿಲ್ಲ. "ಬಿಸಲು ಭಾಳ ಇತ್ತು" ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಆದರೆ ಅವನು ಕೇಳಿದ್ದಕ್ಕೆ ಉತ್ತರವೂ ಅಲ್ಲ.

ನಡೆದದ್ದು ಇಷ್ಟು. ಕಲಬುರಗಿಯ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಹೊತ್ತು ನಾನು ಆಡುತ್ತಿದ್ದದ್ದು 2023ರಲ್ಲಿ ಬಂದ 'ಟಿಯರ್ಸ್ ಆಫ್ ದಿ ಕಿಂಗ್‌ಡಮ್' ಎಂಬ ಆಟ. ಆ ಪುಟ್ಟ ಯಂತ್ರಕ್ಕೆ ಅದು ದೊಡ್ಡ ಹೊರೆ. ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸಬೇಕಾದ ಆಟ, ಪರದೆಯ ಮೇಲೆ ಗದ್ದಲ ಹೆಚ್ಚಾದಾಗ 20ರ ಹತ್ತಿರಕ್ಕೆ ಕುಸಿಯುತ್ತದೆ. ಕಣ್ಣಿಗೆ ತಡವರಿಸಿದಂತೆ ಕಾಣುತ್ತದೆ. ಇದಕ್ಕೆ ಮದ್ದೂ ಇದೆ: ಓವರ್‌ಕ್ಲಾಕಿಂಗ್. ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಚಿಪ್ಪನ್ನು ಓಡಿಸುವುದು. ತಮ್ಮ ಕೊಳ್ಳುವ ಮೊದಲೇ ಯಾರೋ ಆ ಯಂತ್ರದ ಬೀಗ ಬಿಚ್ಚಿದ್ದರಿಂದ, ಬೇಕಾದ ತಂತ್ರಾಂಶವನ್ನು ಮೆಮೊರಿ ಕಾರ್ಡಿಗೆ ಹಾಕುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಒಂದು ಸಂಜೆಯಲ್ಲಿ ಮುಗಿಯಿತು. ಆಟ ಬೆಣ್ಣೆಯಂತೆ ನಡೆಯಿತು. ಜೊತೆಗೆ ಫ್ಯಾನು ಕಿರುಚತೊಡಗಿತು.

ಕೋಣೆಯಲ್ಲಿ ನನ್ನ ಜೊತೆಗಿದ್ದವಳು ರಾಯಚೂರಿನ ಗೆಳತಿ. ಪರೀಕ್ಷೆಗೆ ಓದುತ್ತಿದ್ದಳು, ಬೆಳಿಗ್ಗೆ 5 ಗಂಟೆಗೆ ಏಳುತ್ತಿದ್ದಳು. ಎರಡನೇ ರಾತ್ರಿ ಮಗ್ಗಲು ಬದಲಿಸುತ್ತ, "ಏನವಾ ಅದು, ಕಿವಿಯಾಗ ಸೊಳ್ಳಿ ಹೊಕ್ಕಂಗ ಆಗ್ತದ" ಅಂದಳು. ಅವಳು ಹೇಳಿದ್ದು ನ್ಯಾಯವಾಗಿತ್ತು. ನನಗೆ ಆಟ ಬಿಡಲು ಮನಸ್ಸಿರಲಿಲ್ಲ. ವೇಗ ಇಳಿಸಲೂ ಮನಸ್ಸಿರಲಿಲ್ಲ. ಹುಡುಕಿದರೆ ಫ್ಯಾನಿನ ವೇಗವನ್ನು ನಮ್ಮಿಷ್ಟದಂತೆ ನಿಗದಿಪಡಿಸುವ ಇನ್ನೊಂದು ಪುಟ್ಟ ತಂತ್ರಾಂಶ ಸಿಕ್ಕಿತು. ಪರದೆಯ ಮೇಲೆ ಒಂದು ಗೆರೆ: ಇಷ್ಟು ಡಿಗ್ರಿಗೆ ಇಷ್ಟು ವೇಗ. ಆ ಗೆರೆಯನ್ನು ಬೆರಳಿನಿಂದ ಕೆಳಗೆಳೆದೆ. ಕೋಣೆ ಶಾಂತವಾಯಿತು. ಗೆಳತಿ ಮಲಗಿದಳು. ನನಗೂ ಏನೋ ಒಳ್ಳೆಯದು ಮಾಡಿದ ಸಮಾಧಾನ.

ನಾನು ಯೋಚಿಸುತ್ತಿರುವುದು ಆ ಸಮಾಧಾನದ ಬಗ್ಗೆ.

ಫ್ಯಾನು ಯಾಕೆ ಕಿರುಚುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಚಿಪ್ಪು ಉಣ್ಣುವ ವಿದ್ಯುತ್ತು ಅದರ ವೇಗದೊಂದಿಗೆ ನೇರವಾಗಿ ಏರುತ್ತದೆ, ವೋಲ್ಟೇಜಿನ ವರ್ಗದೊಂದಿಗೆ ಏರುತ್ತದೆ. ವೇಗ ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕು. ಹಾಗಾಗಿ 20 ಪ್ರತಿಶತ ವೇಗಕ್ಕೆ 10 ಪ್ರತಿಶತ ವೋಲ್ಟೇಜು ಸೇರಿಸಿದರೆ ಖರ್ಚು ಏರುವುದು 20 ಅಲ್ಲ, ಸುಮಾರು 45 ಪ್ರತಿಶತ. ಉಂಡ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗುತ್ತದೆ. ಬಿಸಿಯಾದ ಚಿಪ್ಪಿನಲ್ಲಿ ವಿದ್ಯುತ್ತಿನ ಸೋರಿಕೆ ಹೆಚ್ಚು, ಸೋರಿಕೆಯಿಂದ ಇನ್ನಷ್ಟು ಬಿಸಿ. ಇದನ್ನು ಹೊರಗೆ ತಳ್ಳುವುದು ಫ್ಯಾನಿನ ಕೆಲಸ. ಫ್ಯಾನಿಗೂ ಅದರದೇ ಲೆಕ್ಕವಿದೆ: ಎರಡು ಪಟ್ಟು ಗಾಳಿ ಬೇಕೆಂದರೆ ಎರಡು ಪಟ್ಟು ವೇಗವಾಗಿ ತಿರುಗಬೇಕು, ಅದಕ್ಕೆ ಎಂಟು ಪಟ್ಟು ಶಕ್ತಿ ಬೇಕು, ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ನಾನು ಪರದೆಯ ಮೇಲೆ ಗಳಿಸಿದ ಹತ್ತು ಚಿತ್ರಗಳ ಲೆಕ್ಕ ಗೆಳತಿಯ ಕಿವಿಯಲ್ಲಿ ಬರೆಯಲ್ಪಡುತ್ತಿತ್ತು.

ಅಂದರೆ ಆ ಸದ್ದು ಯಂತ್ರದ ದೋಷವಲ್ಲ. ನನ್ನ ಆಸೆಯ ಬೆಲೆಪಟ್ಟಿ. ಅದನ್ನು ಇಲ್ಲವಾಗಿಸಲು ಎರಡು ದಾರಿಗಳಿದ್ದವು. ಒಂದು, ಖರೀದಿ ಕಡಿಮೆ ಮಾಡುವುದು. ಇನ್ನೊಂದು, ಪಟ್ಟಿಯನ್ನು ಹರಿದು ಹಾಕುವುದು. ಎರಡರಲ್ಲೂ ಕೋಣೆಯಲ್ಲಿ ಸಿಗುವ ಮೌನ ಒಂದೇ ತರಹದ್ದು. ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಲ್ಲಿ ನನ್ನ ಪರವಾಗಿ ಹೇಳಬಹುದಾದ ಮಾತುಗಳನ್ನೂ ಹೇಳಬೇಕು. ಮೊದಲನೆಯದು, ಮಿತಿಯನ್ನು ಮೀರಿದ್ದು ತಪ್ಪೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಆದರೆ ಹಾಸಿಗೆಯ ಅಳತೆಯನ್ನು ಯಾರು, ಯಾಕೆ ಗೊತ್ತುಮಾಡಿದರು ಎಂದು ಕೇಳುವುದು ತಪ್ಪಲ್ಲ. 2017ರ ಮಾರ್ಚಿನಲ್ಲಿ ಬಂದ ಸ್ವಿಚ್‌ನ ಮುಖ್ಯ ಸಂಸ್ಕಾರಕವನ್ನು 1020 ಮೆಗಾಹರ್ಟ್ಸ್‌ನಲ್ಲಿ ಓಡಿಸುತ್ತಾರೆ. ಅದೇ ಚಿಪ್ಪು 1785ರವರೆಗೂ ಓಡಬಲ್ಲದು. ಎರಡು ವರ್ಷದ ಮೇಲೆ, 2019ರಲ್ಲಿ, ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಮಾತ್ರ ಆ 1785ನ್ನು ಬಳಸುವ ಅವಕಾಶವನ್ನು ತಯಾರಕರೇ ಕೊಟ್ಟರು. ಚಿತ್ರ ಬಿಡಿಸುವ ಭಾಗ ಟಿವಿಗೆ ಜೋಡಿಸಿದಾಗ 768ರಲ್ಲಿ ಓಡುತ್ತದೆ, ಕೈಯಲ್ಲಿ ಹಿಡಿದಾಗ ಅದರ ಅರ್ಧದ ಆಸುಪಾಸಿನಲ್ಲಿ. ಅಂದರೆ ಈ ಅಂಕಿಗಳು ಪ್ರಕೃತಿನಿಯಮಗಳಲ್ಲ, ತೀರ್ಮಾನಗಳು. ಬ್ಯಾಟರಿ ಎಷ್ಟು ಹೊತ್ತು ಬರಬೇಕು, ಮಗುವಿನ ಕೈಗೆ ಎಷ್ಟು ಬಿಸಿ ತಾಗಬಹುದು, ಲಕ್ಷಾಂತರ ಯಂತ್ರಗಳಲ್ಲಿ ತೀರಾ ದುರ್ಬಲವಾದ ಚಿಪ್ಪೂ ಕೈಕೊಡದೆ ಇರಬೇಕು, ಎಂಬ ಲೆಕ್ಕಾಚಾರಗಳ ಮೊತ್ತ. ಬೇರೊಬ್ಬರ ತೀರ್ಮಾನವನ್ನು ಮರುಪರಿಶೀಲಿಸುವ ಹಕ್ಕು ವಸ್ತುವಿನ ಒಡೆಯನಿಗಿದೆ ಎಂದೇ ನಾನು ಈಗಲೂ ನಂಬುತ್ತೇನೆ. ವಾರಂಟಿ ಹೋಗುತ್ತದೆ, ತಯಾರಕರು ತಮ್ಮ ಆನ್‌ಲೈನ್ ಸೇವೆಯಿಂದ ಹೊರಗಿಡಬಹುದು. ಅವು ಗೊತ್ತಿದ್ದು ತೆರುವ ಬೆಲೆಗಳು.

ಇನ್ನೂ ಒಂದು ಸಂಗತಿ ನನಗೆ ಆಮೇಲೆ ಹೊಳೆಯಿತು. ಆ ಯಂತ್ರದ ವಿವರಪಟ್ಟಿಯಲ್ಲಿ, ಅದನ್ನು ಬಳಸಬೇಕಾದ ಪರಿಸರದ ಉಷ್ಣತೆ 5ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದಿದೆ. ಕಲಬುರಗಿಯ ಮೇ ತಿಂಗಳಲ್ಲಿ ಹಗಲು 40 ದಾಟುವುದು ಸುದ್ದಿಯೇ ಅಲ್ಲ. ರಾತ್ರಿ 11 ಗಂಟೆಗೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಫ್ಯಾನು ಎಷ್ಟೇ ತಿರುಗಿದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಇಲ್ಲಿ ಆ ಯಂತ್ರ ಓವರ್‌ಕ್ಲಾಕ್ ಮಾಡುವ ಮೊದಲೇ ಮಿತಿಯ ಆಚೆ ನಿಂತಿತ್ತು. ಬಿಸಿಲನಾಡಿನವರು ಯಾರೋ ಎಲ್ಲೋ ಬರೆದ ಅಂಕಿಗಳೊಳಗೆ ಹಿಡಿಸುವುದಿಲ್ಲ. ಈ ಮಾತಿನಲ್ಲಿ ಒಂದು ದೂರೂ ಇದೆ, ಒಂದು ಎಚ್ಚರಿಕೆಯೂ ಇದೆ. ನಾನು ದೂರನ್ನು ಮಾತ್ರ ಕೇಳಿಸಿಕೊಂಡು, ಮಿತಿ ಹೇಗೂ ನಮಗಾಗಿ ಬರೆದದ್ದಲ್ಲ ಎಂದುಕೊಂಡೆ. ಎಚ್ಚರಿಕೆಯನ್ನು ಕೇಳಿಸಿಕೊಂಡಿದ್ದರೆ, ನಮಗಾಗಿ ಬರೆಯುವ ಮಿತಿ ಇನ್ನೂ ಬಿಗಿಯಾಗಿರಬೇಕಿತ್ತು ಎಂದುಕೊಳ್ಳುತ್ತಿದ್ದೆ.

ನಾನು ಬಳಸಿದ ವೇಗದ ತಂತ್ರಾಂಶದ ಹೆಸರು ಸಿಸ್-ಕ್ಲಾಕ್. ಸಂಬಳವಿಲ್ಲದೆ, ಆಸಕ್ತಿಯಿಂದ ಬರೆದ ತಂತ್ರಾಂಶ. ಮಿತಿ ಮೀರಲೆಂದೇ ಹುಟ್ಟಿದ ಈ ಸಾಧನದೊಳಗೆ ಅದನ್ನು ಬರೆದವರೇ ಒಂದು ಮಿತಿ ಇಟ್ಟಿದ್ದಾರೆ. ಕೈಯಲ್ಲಿ ಹಿಡಿದು, ಚಾರ್ಜರ್ ಇಲ್ಲದೆ ಆಡುವಾಗ ಚಿತ್ರ ಬಿಡಿಸುವ ಭಾಗ 460ರ ಮೇಲೆ ಹೋಗದು. ಬ್ಯಾಟರಿಗೆ ಅತಿಯಾದ ಹೊರೆ ಬೀಳಬಾರದೆಂಬುದು ಕಾರಣ. ನೀವು ಏನು ಕೇಳಿದರೂ ಅದು ಅಷ್ಟಕ್ಕೇ ನಿಲ್ಲಿಸುತ್ತದೆ. ಕಂಪನಿಯ ನಿರ್ಬಂಧಗಳನ್ನು ಒಪ್ಪದವರೂ ವಸ್ತುವಿನ ನಿರ್ಬಂಧವನ್ನು ಒಪ್ಪಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಅಧಿಕಾರ ಹಾಕಿದ ಗೆರೆ ಬೇರೆ, ಬ್ಯಾಟರಿಯೊಳಗಿನ ರಸಾಯನ ಹಾಕಿದ ಗೆರೆ ಬೇರೆ. ಮೊದಲನೆಯದರ ಜೊತೆ ವಾದಿಸಬಹುದು. ಚಾರ್ಜರ್ ಹಾಕಿದರೆ ಆ ತಂತ್ರಾಂಶದ ಮಿತಿ ಸಡಿಲವಾಗುತ್ತದೆ. ಗೊತ್ತಾದ ದಿನದಿಂದ ನಾನು ಚಾರ್ಜರ್ ಹಾಕಿಕೊಂಡೇ ಆಡಿದೆ. ಬೇಸಿಗೆ, ಹೆಚ್ಚಿದ ವೇಗ, ಚಾರ್ಜಿಂಗ್, ತಗ್ಗಿದ ಫ್ಯಾನು: ನಾಲ್ಕೂ ಒಟ್ಟಿಗೆ.

ನನ್ನ ಪರವಾಗಿ ಎರಡನೆಯ ಮಾತು, ಯಂತ್ರಕ್ಕೆ ನೋವಿಲ್ಲ. ಗಾಡಿ ಎತ್ತಿಗೆ ಚಾವಟಿ ಹೊಡೆಯುವುದಕ್ಕೂ ಚಿಪ್ಪಿನ ವೇಗ ಏರಿಸುವುದಕ್ಕೂ ಹೋಲಿಕೆಯಿಲ್ಲ. ಒಪ್ಪಿದೆ. ಕಾಂಟ್ 1797ರ ತನ್ನ ನೀತಿಗ್ರಂಥದಲ್ಲಿ, ಪ್ರಾಣಿಗಳಿಗೆ ಮಾತ್ರವಲ್ಲ, ಪ್ರಕೃತಿಯಲ್ಲಿರುವ ನಿರ್ಜೀವ ಚೆಲುವನ್ನು ಸುಮ್ಮನೆ ಹಾಳುಮಾಡುವ ಪ್ರವೃತ್ತಿಯ ಬಗ್ಗೆಯೂ ಬರೆಯುತ್ತಾನೆ. ಅದು ಆ ವಸ್ತುವಿಗೆ ಮಾಡುವ ಅನ್ಯಾಯವಲ್ಲ, ನಮ್ಮೊಳಗಿನ ಒಂದು ಸೂಕ್ಷ್ಮತೆಗೆ ಮಾಡುವ ಹಾನಿ ಎಂಬುದು ಅವನ ನಿಲುವು. ಪ್ರಾಣಿಗಳ ವಿಷಯದಲ್ಲಿ ಈ ವಾದ ಸಾಲದು ಎಂದು ಇಂದು ಅನೇಕರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಯಂತ್ರದ ವಿಷಯದಲ್ಲಿ ಮಾತ್ರ ಅದು ಸರಿಯಾಗಿ ಹೊಂದುತ್ತದೆ. ನನ್ನಲ್ಲಿ ಹಾಳಾದದ್ದು ಚೆಲುವಿನ ಪ್ರೀತಿಯಲ್ಲ. ಸದ್ದು ಕೇಳಿದಾಗ 'ಯಾಕೆ' ಎಂದು ಕೇಳುವ ಅಭ್ಯಾಸ ಹೋಗಿ, 'ಎಲ್ಲಿ ಆಫ್ ಮಾಡುವುದು' ಎಂದು ಹುಡುಕುವ ಅಭ್ಯಾಸ ಬಂದಿತ್ತು.

ಮೂರನೆಯ ಮಾತು ಹೆಚ್ಚು ಗಟ್ಟಿಯಾದದ್ದು. ನಾನು ಫ್ಯಾನನ್ನು ತಗ್ಗಿಸಿದ್ದು ನನಗಾಗಿ ಅಲ್ಲ, ಗೆಳತಿಯ ನಿದ್ದೆಗಾಗಿ. ಅದು ಪರರ ಹಿತವಲ್ಲವೇ? ಇದನ್ನು ಬಹಳ ದಿನ ನಂಬಿಕೊಂಡಿದ್ದೆ. ನಿಧಾನವಾಗಿ ಬಿಡಿಸಿ ನೋಡಿದಾಗ ಬೇರೆಯೇ ಕಂಡಿತು. ಆ ಕೋಣೆಯಲ್ಲಿ ಇಬ್ಬರ ಇಷ್ಟಗಳು ಡಿಕ್ಕಿ ಹೊಡೆದಿದ್ದವು: ಅವಳ ನಿದ್ದೆ, ನನ್ನ ಆಟ. ಪ್ರಾಮಾಣಿಕವಾಗಿ ಬಗೆಹರಿಸಬೇಕಾದರೆ ಇಬ್ಬರಲ್ಲಿ ಒಬ್ಬರು ಏನನ್ನಾದರೂ ಬಿಡಬೇಕಿತ್ತು. ನಾನು ಮಾಡಿದ್ದು, ನಮ್ಮಿಬ್ಬರ ಜಗಳದ ಖರ್ಚನ್ನು ಅಲ್ಲಿಲ್ಲದ ಮೂರನೆಯವನ ಹೆಸರಿಗೆ ಬರೆದದ್ದು. ಯಂತ್ರ ತಮ್ಮನದು. ಅವನು ಬೆಂಗಳೂರಿನಲ್ಲಿದ್ದ, ಅವನಿಗೆ ಸದ್ದೂ ಕೇಳಿಸುತ್ತಿರಲಿಲ್ಲ, ಸದ್ದು ನಿಂತದ್ದೂ ಗೊತ್ತಾಗುತ್ತಿರಲಿಲ್ಲ. ಮಾತಾಡಬಲ್ಲ ಇಬ್ಬರ ನಡುವೆ ರಾಜಿ ಇಷ್ಟು ಸುಲಭವಾಗಿ ಆಯಿತೆಂದರೆ, ಹಣ ಎಲ್ಲಿಂದ ಬಂತು ಎಂದು ಕೇಳಬೇಕು. ಮಾತಾಡಲಾಗದವನ ಕಿಸೆಯಿಂದ ಬಂದಿತ್ತು.

ಇದು ಗೇಮ್ ಕನ್ಸೋಲಿಗಷ್ಟೇ ಸೀಮಿತವಾದ ತಂತ್ರವಲ್ಲ. ಬಾವಿಯ ನೀರು ಸಾಲದಾದಾಗ ಅಣ್ಣತಮ್ಮಂದಿರು ಜಗಳವಾಡದೆ ಇನ್ನೂ ಆಳದ ಬೋರ್‌ವೆಲ್ ಕೊರೆಸುತ್ತಾರೆ. ಮನೆಯಲ್ಲಿ ಶಾಂತಿ ಉಳಿಯುತ್ತದೆ, ಕೆಳಗೆ ಅಂತರ್ಜಲ ಇಳಿಯುತ್ತದೆ. ಅದರ ಲೆಕ್ಕ ಕೇಳಬೇಕಾದವರು ಇನ್ನೂ ಹುಟ್ಟಿರುವುದಿಲ್ಲ.

ಯಂತ್ರಕ್ಕೆ ತನ್ನ ಸ್ಥಿತಿಯನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳುವುದನ್ನು ಕಲಿಸಿದ್ದು ದೊಡ್ಡ ಕಥೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ನಿಯಂತ್ರಕವನ್ನು ಅಳವಡಿಸಿದ. ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದು ಮಾಡುತ್ತವೆ. 1868ರಲ್ಲಿ ಮ್ಯಾಕ್ಸ್‌ವೆಲ್ ಇಂಥ ನಿಯಂತ್ರಕಗಳ ಗಣಿತವನ್ನು ಬರೆದು, ಯಾವಾಗ ಅವು ಸ್ಥಿರವಾಗುತ್ತವೆ, ಯಾವಾಗ ಹೊಯ್ದಾಡುತ್ತವೆ ಎಂದು ವಿವರಿಸಿದ. ನನ್ನ ಕೈಯಲ್ಲಿದ್ದ ಫ್ಯಾನು ಅದೇ ವಂಶದ ಕುಡಿ. ಉಷ್ಣತೆಯನ್ನು ಓದುತ್ತದೆ, ಕೋಷ್ಟಕ ನೋಡುತ್ತದೆ, ವೇಗ ಬದಲಿಸುತ್ತದೆ, ಮತ್ತೆ ಓದುತ್ತದೆ. ಏರುವಾಗ ಒಂದು ಅಂಕಿಗೆ ಜೋರಾಗಿ, ಇಳಿಯುವಾಗ ಅದಕ್ಕಿಂತ ಒಂದಿಷ್ಟು ಕೆಳಗೆ ಮೆಲ್ಲಗಾಗುವಂತೆ ನಡುವೆ ಅಂತರ ಬಿಡುತ್ತಾರೆ. ಇಲ್ಲದಿದ್ದರೆ ಒಂದೇ ಡಿಗ್ರಿಯ ಆಚೀಚೆ ಅದು ನಿಮಿಷಕ್ಕೆ ಹತ್ತು ಸಲ ಕೂಗಿ ಹತ್ತು ಸಲ ಸುಮ್ಮನಾಗುತ್ತದೆ.

ಈ ಏರ್ಪಾಡಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೋಷ್ಟಕದೊಳಗೆ ಯಾರು ಸೇರಿದ್ದಾರೆ ಎಂಬುದು. ಸ್ವಿಚ್‌ನ ಮೂಲ ಏರ್ಪಾಡು ಚಿಪ್ಪಿನ ಬಿಸಿಯೊಂದನ್ನೇ ನೋಡುವುದಿಲ್ಲ. ಒಳಗಿನ ಅಳತೆಗಳಿಂದ ಹೊರಮೈಯ ಬಿಸಿ ಎಷ್ಟಿರಬಹುದೆಂದು ಅಂದಾಜಿಸುತ್ತದೆ. ಟಿವಿಗೆ ಜೋಡಿಸಿದಾಗ ಒಂದು ಕೋಷ್ಟಕ, ಕೈಯಲ್ಲಿ ಹಿಡಿದಾಗ ಇನ್ನೊಂದು. ಅಲ್ಲಿ ಯಾರೋ ಹಿಡಿದುಕೊಳ್ಳುವ ಕೈಯನ್ನು ನೆನೆದಿದ್ದರು. ನಾನು ಎಳೆದ ಗೆರೆಯಲ್ಲಿ ಇದ್ದದ್ದು ಒಂದೇ ಅಂಕಿ, ಚಿಪ್ಪಿನ ಉಷ್ಣತೆ. ಪರದೆಯ ಮೂಲೆಯಲ್ಲಿ ಅದು 74, 75 ಎಂದು ತೋರಿಸುತ್ತಿತ್ತು. ಚಿಪ್ಪು ಅಷ್ಟನ್ನು ತಾಳಿಕೊಳ್ಳುತ್ತದೆ. ನಾನು ನಿಶ್ಚಿಂತೆಯಾಗಿದ್ದೆ. ಪಕ್ಕದಲ್ಲೇ ಇದ್ದ 16 ವ್ಯಾಟ್-ಅವರ್‌ನ ಬ್ಯಾಟರಿ ನನ್ನ ಗೆರೆಯೊಳಗೆ ಇರಲೇ ಇಲ್ಲ. ಸಿಲಿಕಾನಿಗೆ 75 ಡಿಗ್ರಿ ದೊಡ್ಡದಲ್ಲ. ಲಿಥಿಯಂ ಬ್ಯಾಟರಿ ಮಾತ್ರ ಮನುಷ್ಯರ ಹಾಗೆ, ನಮಗೆ ಹಿತವಾದ ಹವೆಯಲ್ಲೇ ಅದಕ್ಕೂ ಹಿತ. ಬಿಸಿಯಲ್ಲಿ, ಅದರಲ್ಲೂ ತುಂಬಿದ ಸ್ಥಿತಿಯಲ್ಲಿ, ಬೇಗ ಮುಪ್ಪಾಗುತ್ತದೆ. ಒಳಗಿನ ದ್ರಾವಣ ಒಡೆದು ಅನಿಲವಾಗಿ ಉಬ್ಬುತ್ತದೆ. ಫ್ಯಾನು ಕೂಗುವುದು ಚಿಪ್ಪಿನ ಪರವಾಗಿ. ಬ್ಯಾಟರಿಗೆ ಅಂಥ ದನಿಯಿಲ್ಲ. ಆದರೆ ಚಿಪ್ಪಿಗಾಗಿ ಎದ್ದ ಆ ಗಾಳಿಯಿಂದ ಬ್ಯಾಟರಿಗೂ ಒಂದಿಷ್ಟು ನೆರಳು ಸಿಗುತ್ತಿತ್ತು. ಒಬ್ಬರ ಕೂಗನ್ನು ಅಡಗಿಸಿದಾಗ, ಕೂಗಲಾರದೆ ಅವರ ಹಿಂದೆ ನಿಂತವರೂ ಆಸರೆ ಕಳೆದುಕೊಳ್ಳುತ್ತಾರೆ.

ರಿಪೇರಿ ಅಂಗಡಿಯಾತ ಹಿಂಬದಿ ಬಿಚ್ಚಿ ನೋಡಿ, "ಮೇಡಂ, ಇದು ಹಳೇ ಬ್ಯಾಟರಿ, ಯಾವಾಗಿದ್ರೂ ಉಬ್ಬತಿತ್ತು" ಅಂದ. ಆ ಮಾತು ನನಗೆ ತಂಪೆನಿಸಿತು. ನಿಜವೂ ಇರಬಹುದು. ಏಳೆಂಟು ವರ್ಷ ಹಳೆಯ ಬ್ಯಾಟರಿ, ಮೊದಲ ಒಡೆಯ ಹೇಗೆ ಬಳಸಿದ್ದನೋ, ಅದರ ಮೇಲೆ ಕಲಬುರಗಿಯ ಬಿಸಿಲು. ನನ್ನ ಪಾಲು ಎಷ್ಟೆಂದು ತೂಗುವ ತಕ್ಕಡಿ ಇಲ್ಲ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 'ನೈತಿಕ ಅದೃಷ್ಟ'ದ ಬಗ್ಗೆ ಬರೆದ ಜೋಡಿ ಪ್ರಬಂಧಗಳು ಇಲ್ಲಿಗೇ ಬಂದು ನಿಲ್ಲುತ್ತವೆ: ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬನಿಗೆ ಏನೂ ಆಗದೆ, ಇನ್ನೊಬ್ಬನಿಗೆ ಅನಾಹುತವಾದರೆ, ನಾವು ಇಬ್ಬರನ್ನೂ ಒಂದೇ ರೀತಿ ನೋಡುತ್ತೇವೆಯೇ? ಇದೇ ಕೆಲಸ ಮಾಡಿ, ಏನೂ ಆಗದೆ, ಆಟ ಮುಗಿಸಿ, ಯಂತ್ರ ಹಿಂತಿರುಗಿಸಿದವರು ಎಷ್ಟೋ ಜನ ಇರಬಹುದು. ಅವರಿಗಿಂತ ನಾನು ಕೆಟ್ಟವಳಲ್ಲ. ಆದರೆ ಅವರಿಗಿಂತ ಹೆಚ್ಚು ತಿಳಿದುಕೊಳ್ಳಲೇಬೇಕಾದ ಜಾಗದಲ್ಲಿ ನಿಂತವಳು. ಬ್ಯಾಟರಿ ಉಬ್ಬದೆ ಇದ್ದಿದ್ದರೂ ನಾನು ಮಾಡಿದ್ದು ಅದೇ ಆಗಿರುತ್ತಿತ್ತು: ಇನ್ನೊಬ್ಬರ ವಸ್ತು ತನ್ನ ಸ್ಥಿತಿಯನ್ನು ಹೇಳಿಕೊಳ್ಳಲು ಇದ್ದ ಒಂದೇ ಬಾಯನ್ನು, ಅವರನ್ನು ಕೇಳದೆ ಮುಚ್ಚಿದ್ದು. ಅಂಗಡಿಯಾತನ ಮಾತು ಬ್ಯಾಟರಿಯ ಬಗ್ಗೆ ನನ್ನನ್ನು ಬಿಡುಗಡೆ ಮಾಡಬಹುದು, ಇದರ ಬಗ್ಗೆ ಮಾಡಲಾರದು.

ಸರಿಯಾದ ದಾರಿ ಯಾವುದಿತ್ತು? ತಾಂತ್ರಿಕವಾಗಿ ಹಲವಿದ್ದವು. ವೇಗವನ್ನು ಒಂದು ಮೆಟ್ಟಿಲು ಇಳಿಸಿ ಅಷ್ಟಕ್ಕೆ ತೃಪ್ತಳಾಗಬಹುದಿತ್ತು. ಅದೇ ವೇಗಕ್ಕೆ ವೋಲ್ಟೇಜನ್ನು ತಗ್ಗಿಸಿ ನೋಡಬಹುದಿತ್ತು, ಅದರಿಂದ ಬಿಸಿಯೇ ಕಡಿಮೆ ಹುಟ್ಟುತ್ತದೆ. ಹಗಲು, ಗೆಳತಿ ಲೈಬ್ರರಿಯಲ್ಲಿದ್ದಾಗ, ಫ್ಯಾನು ಬೇಕಾದಷ್ಟು ಕೂಗಲಿ ಎಂದು ಆಡಬಹುದಿತ್ತು. ಇವೆಲ್ಲಕ್ಕಿಂತ ಅಗ್ಗವಾದ ದಾರಿಯೊಂದನ್ನು ಗೆಳತಿಯೇ ಆಮೇಲೆ ಹೇಳಿದಳು. ನಡೆದದ್ದನ್ನೆಲ್ಲ ಅವಳ ಮುಂದೆ ಹೇಳಿಕೊಂಡಾಗ ನಕ್ಕು, "ನನಗ ಒಂದ ಮಾತ ಹೇಳಿದ್ದರ ಕಿವಿಗೆ ಹತ್ತಿ ಇಟ್ಕೋತಿದ್ನಲ್ಲ" ಅಂದಳು. ಒಂದು ಮಾತು. ಅವಳನ್ನು ಕೇಳುವ ಒಂದು ಮಾತು, ತಮ್ಮನನ್ನು ಕೇಳುವ ಒಂದು ಮಾತು. ಎರಡನ್ನೂ ತಪ್ಪಿಸಿಕೊಳ್ಳಲು ಒಂದು ಗೆರೆಯನ್ನು ಕೆಳಗೆಳೆದಿದ್ದೆ. ನನಗೆ ಗೆರೆ ಎಳೆಯುವುದು ಸುಲಭವಾಗಿತ್ತು, ಕೇಳುವುದು ಕಷ್ಟವಾಗಿತ್ತು. ಕೇಳಿದರೆ ಬೇಡ ಎನ್ನಬಹುದಲ್ಲ.

ದಸರಾಕ್ಕೆ ತಮ್ಮ ಊರಿಗೆ ಬಂದ. ಹೊಸ ಬ್ಯಾಟರಿಯ ಖರ್ಚನ್ನು ನಾನೇ ಕೊಟ್ಟಿದ್ದೆ, ಅದು ಮುಗಿದಿತ್ತು. ಅಂಗಳದಲ್ಲಿ ಕೂತು, ಮೇ ತಿಂಗಳಲ್ಲಿ ಕೊಡದ ಉತ್ತರವನ್ನು ಕೊಟ್ಟೆ. ಸಪ್ಪಳ ಮಾಡುತ್ತಿತ್ತು, ನಾನೇ ನಿಲ್ಲಿಸಿದ್ದೆ ಎಂದೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. "ವೇಗ ಎಷ್ಟಕ್ಕ ಇಟ್ಟಿದ್ದಿ?" ಎಂದು ಕೇಳಿದ. ಹೇಳಿದೆ. "ಹಂಗಾರ ಆಟ ಚಲೋ ನಡೀತಿರಬೇಕು" ಅಂದ. ಹೂಂ ಅಂದೆ. ಯಂತ್ರವನ್ನು ತೆಗೆದುಕೊಂಡು ಅವನೇ ವೇಗ ಏರಿಸಿದ, ನನ್ನಷ್ಟಲ್ಲ. ಫ್ಯಾನಿನ ಗೆರೆಯನ್ನು ಮೊದಲಿನ ಜಾಗಕ್ಕೆ ತಂದ. ಸ್ವಲ್ಪ ಹೊತ್ತಿಗೆ ಅದು ಶುರುವಾಯಿತು. ಒಳಗಿನಿಂದ ಅವ್ವ, "ಏನಪಾ ಅದು ಸಪ್ಪಳ?" ಎಂದು ಕೇಳಿದಳು. ತಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಕೆಲಸ ಮಾಡಾಕತ್ತದ ಬಿಡವ್ವಾ" ಅಂದ.